ಶುಕ್ರವಾರ ಹನ್ನೊಂದು ಗಂಟೆಯ ಬುರುಲ್

ಸರೋವರದ ದಂಡೆಯ ಬಾಲಿಕ್‌ಚಿ ಊರಿನ ಕಾಲುಚೀಲದ ಕಾರ್ಖಾನೆಗೆ ಬೀಗ ಬಿದ್ದಾಗ ಬುರುಲ್‌ಗೆ ನಲವತ್ತೊಂದು ವರ್ಷ. ಹದಿನಾಲ್ಕು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಕಾಲುಚೀಲದೊಳಗೆ ಕೈ ತೂರಿಸಿ, ಬೆರಳಿನ ಕಡೆ ಹೊಲಿಗೆ ಬಿಟ್ಟಿದೆಯೇ ಎಂದು ನೋಡುವುದು. ಕೆಲಸ ಹೋದ ಮೊದಲ ವಾರ ಅವಳು ಮನೆಯವರ ಕಾಲುಚೀಲಗಳನ್ನೆಲ್ಲ ಪರೀಕ್ಷಿಸಿ ಮುಗಿಸಿದಳು. ಎರಡನೆಯ ವಾರ ಪಕ್ಕದ ಮನೆಯವರದ್ದನ್ನು ತರಿಸಿಕೊಂಡಳು. ಮೂರನೆಯ ವಾರ ಅವಳ ಮಾವ ಸಂಸಾಲಿಗೆ ತಡೆಯಲಾಗಲಿಲ್ಲ.

ಸಂಸಾಲಿ ರೈಲು ನಿಲ್ದಾಣದ ಮಾಸ್ತರರಾಗಿದ್ದು ನಿವೃತ್ತರಾದವರು. ಇಡೀ ಸೇವೆಯಲ್ಲಿ ಅವರು ದಿನಕ್ಕೊಂದೇ ರೈಲನ್ನು ಬರಮಾಡಿಕೊಂಡು ದಿನಕ್ಕೊಂದೇ ರೈಲನ್ನು ಕಳಿಸಿಕೊಟ್ಟಿದ್ದರು, ಅದೂ ಅದೇ ರೈಲನ್ನು. ಆದರೆ ಅವರ ಗತ್ತು ನೋಡಿದರೆ ಮಾಸ್ಕೋದ ರೈಲುಗಳೆಲ್ಲ ಅವರ ಸೀಟಿಯ ಸದ್ದಿಗೆ ಕಾದು ನಿಂತಿದ್ದವು ಅನ್ನಬೇಕು.

"ಮಗಳೇ, ನೀನು ಕೆಲಸ ಹುಡುಕೋ ರೀತಿ ಸರಿಯಿಲ್ಲ," ಎಂದರು ಒಂದು ಬೆಳಿಗ್ಗೆ.

"ನಾನಿನ್ನೂ ಹುಡುಕೋಕೇ ಶುರು ಮಾಡಿಲ್ಲ ಮಾವ."

"ಅದನ್ನೇ ನಾನು ಹೇಳ್ತಿರೋದು!"

ಮಧ್ಯಾಹ್ನದ ಹೊತ್ತಿಗೆ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಕೆಂಪು, ನೀಲಿ ಗೆರೆಗಳ ವೇಳಾಪಟ್ಟಿ ಸಿದ್ಧವಾಗಿ ಅಡುಗೆಮನೆಯ ಗೋಡೆ ಏರಿತು. ಸೋಮವಾರ ಎಲ್ಲೆಲ್ಲಿ ಕೆಲಸವಿದೆ ಎಂದು ಪಟ್ಟಿ ಮಾಡುವುದು. ಮಂಗಳವಾರ ಫೋನು. ಬುಧವಾರ ನೆಂಟರನ್ನು ಕೇಳುವುದು. ಗುರುವಾರ ಅರ್ಜಿ ಬರೆಯುವುದು. ಶುಕ್ರವಾರ ಖುದ್ದಾಗಿ ಹೋಗಿ, ಏನಾಯಿತು ಎಂದು ವಿಚಾರಿಸುವುದು.

"ಮುದುಕಪ್ಪಾ, ಅವಳೇನು ಗೂಡ್ಸ್ ಗಾಡಿನಾ?" ಎಂದು ಅತ್ತೆ ಅನಾರ್‌ಕಾನ್ ನಕ್ಕಳು.

"ನೀನು ಸುಮ್ನಿರು. ಸಿಗ್ನಲ್ ಬಿದ್ದಾಗಿದೆ."

ಮಂಗಳವಾರ ಒಂದೊಂದು ಫೋನಿಗೆ ಮೂರೇ ನಿಮಿಷ. ಮೂರು ನಿಮಿಷವಾದ ಕೂಡಲೇ ಸಂಸಾಲಿ ಸೀಟಿ ಊದುತ್ತಿದ್ದರು. ಹಾಲಿನ ಡೈರಿಯ ಹೆಂಗಸು, "ಅಮ್ಮಾ, ನೀವೇನು ಫುಟ್‌ಬಾಲ್ ಮೈದಾನದಿಂದ ಮಾತಾಡ್ತಿದ್ದೀರಾ?" ಎಂದು ಕೇಳಿ ಫೋನಿಟ್ಟಳು. ಬುಧವಾರ ಇನ್ನೂ ಕಷ್ಟವಾಯಿತು. ನೆಂಟರ ಮನೆಯಲ್ಲಿ ಚಹಾ ಕುಡಿಯದೆ ವಿಷಯ ಎತ್ತುವ ಹಾಗಿಲ್ಲ, ಮಾಂಸ ತಿನ್ನದೆ ಎದ್ದು ಬರುವ ಹಾಗಿಲ್ಲ. ಅಂದು ಏಳು ಮನೆ ಸುತ್ತಿದ ಬುರುಲ್‌ಗೆ ಕೆಲಸ ಒಂದು ಬಿಟ್ಟು ಉಳಿದದ್ದೆಲ್ಲ ಸಿಕ್ಕಿತು. ಒಂದು ಚೀಲ ಬೋರ್ಸೋಕ್ ಎಂಬ ಕರಿದ ಹಿಟ್ಟಿನ ತಿಂಡಿ, ಒಂದು ಹುಂಜ, ಸೋದರತ್ತೆಯ ಮಂಡಿನೋವಿನ ಪೂರ್ತಿ ಕಥೆ. ಹುಂಜ ದಾರಿಯುದ್ದಕ್ಕೂ ಕೂಗಿತು.

ಆದರೆ ಊರಿಗೆಲ್ಲ ಸುದ್ದಿಯಾದದ್ದು ಶುಕ್ರವಾರ. ಆ ದಿನ ಹನ್ನೊಂದಕ್ಕೆ ಸರಿಯಾಗಿ ಮಾವ-ಸೊಸೆ ಇಬ್ಬರೂ ಜರ್ದಾಳು ಹಣ್ಣಿನ ಜಾಮ್ ಮಾಡುವ ಕಾರ್ಖಾನೆಯ ಗೇಟಿನಲ್ಲಿ ನಿಂತಿರುತ್ತಿದ್ದರು. ಅಲ್ಲಿನ ಯಜಮಾನ ಎಸೆನ್‌ಕುಲ್ ಮೊದಲ ಸಲ, "ನೋಡೋಣ, ಮುಂದಿನ ವಾರ ಬನ್ನಿ," ಎಂದಿದ್ದ. ಜನರನ್ನು ಸಾಗಹಾಕಲು ಎಲ್ಲರೂ ಹೇಳುವ ಮಾತು ಅದು. ಸಂಸಾಲಿಗೆ ಮಾತ್ರ ಅದು ರೈಲ್ವೆ ಇಲಾಖೆಯ ಆದೇಶದಂತೆ ಕೇಳಿಸಿತು.

ಮೂರನೆಯ ಶುಕ್ರವಾರದ ಹೊತ್ತಿಗೆ ಗೇಟಿನ ಕಾವಲುಗಾರ ಇವರನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳತೊಡಗಿದ. ಐದನೆಯ ಶುಕ್ರವಾರ ಎಸೆನ್‌ಕುಲ್ ಹಿಂದಿನ ಕಿಟಕಿಯಿಂದ ಹಾರಿ, ಕೆಳಗೆ ಒಣಗಲು ಹರಡಿದ್ದ ಜರ್ದಾಳು ಹಣ್ಣಿನ ಮೇಲೆ ಕುಳಿತೇಬಿಟ್ಟ. ಆರನೆಯ ಶುಕ್ರವಾರ ಕಾವಲುಗಾರ ಅವರನ್ನು ಕಚೇರಿಯವರೆಗೂ ಕರೆದುಕೊಂಡು ಹೋಗಿ, ಮುಖ ಗಂಟಿಕ್ಕಿಕೊಂಡು ಹೇಳಿದ:

"ಯಜಮಾನ್ರು ಊರಲ್ಲಿಲ್ಲ. ಇನ್ನು ಎರಡು ತಿಂಗಳು ಬರಲ್ಲ."

ಕಚೇರಿಯೊಳಗೆ ಒಲೆಯ ಪಕ್ಕ ಒದ್ದೆ ಬೂಟುಗಳು ಒಣಗುತ್ತಿದ್ದವು. ಕಿಟಕಿಯ ಪರದೆ ಉಸಿರಾಡುತ್ತಿತ್ತು. ಅದರ ಕೆಳಗೆ ಕಾಲುಚೀಲ ತೊಟ್ಟ ಎರಡು ಪಾದಗಳು. ಬುರುಲ್ ಸುಮ್ಮನಿರಬೇಕೆಂದು ತುಟಿ ಕಚ್ಚಿಕೊಂಡಳು. ಆಗಲಿಲ್ಲ.

"ಎಡಗಾಲಿಂದು ಹೊಲಿಗೆ ಬಿಟ್ಟಿದೆ," ಎಂದಳು ಪರದೆಗೆ. "ಇನ್ನೆರಡು ದಿನದಲ್ಲಿ ಹೆಬ್ಬೆರಳು ಹೊರಗೆ ಬರುತ್ತೆ."

ಎಡಪಾದ ಬಲಪಾದದ ಹಿಂದೆ ಸರಿಯಿತು. ಆಮೇಲೆ ಎಸೆನ್‌ಕುಲ್ ಹೊರಗೆ ಬಂದು ಕುರ್ಚಿಯಲ್ಲಿ ಕುಸಿದ.

"ಸೋತೆ ಕಣಮ್ಮಾ. ಆರು ಶುಕ್ರವಾರ! ನನ್ನ ಲಾರಿಗಳು ಬರೋ ಹೊತ್ತಿಗೆ ಬರಲ್ಲ, ನನ್ನ ಅಳಿಯ ಅಂತೂ ಬರೋದೇ ಇಲ್ಲ. ನೀವೊಬ್ಬರೇ ಸರಿಯಾಗಿ ಬರೋದು. ಜಾಡಿ ಮುಚ್ಚಳ ಬಿಗಿಯಾಗಿದೆಯಾ ಅಂತ ನೋಡೋಕೆ ಒಬ್ಬರು ಬೇಕು. ಸೋಮವಾರದಿಂದ ಬನ್ನಿ."

ಬುರುಲ್ ಬಾಯಿ ತೆರೆಯುವ ಮೊದಲೇ ಸಂಸಾಲಿ ಜೇಬಿನಿಂದ ವೇಳಾಪಟ್ಟಿಯ ಪ್ರತಿ ತೆಗೆದು, ಕನ್ನಡಕ ಏರಿಸಿ ನೋಡಿದರು.

"ಸೋಮವಾರ ಆಗೋದಿಲ್ಲ. ಸೋಮವಾರ ಅವಳು ಪಟ್ಟಿ ಮಾಡಬೇಕು."

"ಎಂಥ ಪಟ್ಟಿ ಹಿರಿಯರೇ?"

"ಎಲ್ಲೆಲ್ಲಿ ಕೆಲಸ ಸಿಗುತ್ತೆ ಅನ್ನೋ ಪಟ್ಟಿ."

"ಕೆಲಸ ಕೊಟ್ಟೆನಲ್ಲ!"

ಬುರುಲ್ ಮಾವನ ಕಾಲನ್ನು ಮೆಲ್ಲಗೆ ತುಳಿದು, "ಸೋಮವಾರ ಬರ್ತೀನಿ," ಎಂದಳು.

ಮನೆಗೆ ಬಂದ ಸಂಸಾಲಿ ಚಹಾ ಮುಟ್ಟಲಿಲ್ಲ. ಗೋಡೆಯ ಕಡೆ ನೋಡುತ್ತ ಕುಳಿತೇ ಇದ್ದರು. "ಸೊಸೆಗೆ ಕೆಲಸ ಸಿಕ್ಕಿದ್ರೆ ಹೀಗಾ ಕೂರೋದು? ಯಾರು ಸತ್ತರು?" ಎಂದು ಅನಾರ್‌ಕಾನ್ ಗದರಿದಳು. ಬುರುಲ್‌ಗೆ ಆಗ ಅರ್ಥವಾಯಿತು. ಈ ಆರು ವಾರ ತನಗೆ ಬೇಸರವಾಗಿದ್ದ ದಿನಗಳೇ ಮಾವನಿಗೆ ಹಬ್ಬವಾಗಿದ್ದವು. ಅವರಿಗೆ ಕಳಿಸಿಕೊಡಲು ಮತ್ತೊಂದು ರೈಲು ಸಿಕ್ಕಿತ್ತು.

"ಮಾವ," ಎಂದಳು, ಚಹಾದ ಬಟ್ಟಲನ್ನು ಅವರತ್ತ ಸರಿಸುತ್ತ. "ಹೊಸ ಜಾಗ, ನಂಗೆ ಭಯ. ಮೊದಲನೇ ದಿನ ಗೇಟಿನ ತನಕ ಬರ್ತೀರಾ?"

ಸಂಸಾಲಿ ಬಟ್ಟಲು ಎತ್ತಿಕೊಂಡರು. "ಎಷ್ಟೊತ್ತಿಗೆ ಹೊರಡೋದು?"

ಸೋಮವಾರ ಎಂಟಕ್ಕೆ ಶುರುವಾಗುವ ಕೆಲಸಕ್ಕೆ ಇಬ್ಬರೂ ಆರೂವರೆಗೇ ಹೋಗಿ ನಿಂತರು. ಸರೋವರದ ಕಡೆಯಿಂದ ಗಾಳಿ ರೊಯ್ಯೆಂದು ಬೀಸುತ್ತಿತ್ತು. ಗೇಟು ತೆರೆಯಲು ಬಂದ ಕಾವಲುಗಾರ ಇವರನ್ನು ನೋಡಿ ಹೌಹಾರಿದ. "ಅಯ್ಯೋ, ಇವತ್ತು ಶುಕ್ರವಾರನಾ?" ಎಂದು ತನ್ನಷ್ಟಕ್ಕೆ ಗೊಣಗಿ, ಹಾಜರಿ ಪುಸ್ತಕದ ಮೇಲ್ಗಡೆ ದಪ್ಪಕ್ಷರದಲ್ಲಿ ಶುಕ್ರವಾರ ಎಂದು ಬರೆದ. ಒಬ್ಬೊಬ್ಬರಾಗಿ ಬಂದ ಕೆಲಸದವರು ಅದನ್ನು ನೋಡಿ ಸಹಿ ಹಾಕಿದರು. ಒಳಗೆ ಹೋಗಿ ಒಬ್ಬರಿಗೊಬ್ಬರು, ವಾರ ಎಷ್ಟು ಬೇಗ ಮುಗೀತು ನೋಡು ಎಂದು ಖುಷಿಪಟ್ಟರು. ಮಧ್ಯಾಹ್ನ ಮೂರಕ್ಕೆ ಅರ್ಧ ಜನ ಟೋಪಿ ಹಾಕಿಕೊಂಡು ವಾರಾಂತ್ಯದ ರಜಕ್ಕೆ ಹೊರಟೇಬಿಟ್ಟರು.

"ಎಲ್ಲಿಗ್ರೋ? ಇವತ್ತು ಸೋಮವಾರ ಕಣ್ರೋ!" ಎಂದು ಎಸೆನ್‌ಕುಲ್ ಅಂಗಳದಲ್ಲಿ ಅಡ್ಡ ನಿಂತು ಕೂಗುತ್ತಿದ್ದ. ಯಾರೂ ನಂಬಲಿಲ್ಲ. ಬುರುಲ್ ಮಾತ್ರ ತನ್ನ ಜಾಗ ಬಿಟ್ಟು ಏಳಲಿಲ್ಲ. ಅಷ್ಟರಲ್ಲಿ ಅವಳು ನಾನೂರು ಮುಚ್ಚಳ ತಿರುವಿ ನೋಡಿಯಾಗಿತ್ತು.