ತೊಟ್ಟಿಲಿನ ಗುಂಡಕಲ್ಲು

ದೊಡವಾಡದ ಆ ಓಣಿಯಲ್ಲಿ ಹುಟ್ಟಿದ ಯಾವ ಕೂಸೂ ಸ್ವಂತ ತೊಟ್ಟಿಲಿನಲ್ಲಿ ಮಲಗಿದ್ದಿಲ್ಲ. ಬಾಯವ್ವನ ಅರಗಿನ ಬಣ್ಣದ ತೊಟ್ಟಿಲೇ ಮನೆಯಿಂದ ಮನೆಗೆ ಹೋಗುತ್ತಿತ್ತು. ಈಗ ಅವಳ ಮೊಮ್ಮಗಳು ನೀಲಾ ತವರಿನಲ್ಲಿ ಹೆತ್ತಿದ್ದಳು. ತೊಟ್ಟಿಲು ಮಾತ್ರ ಯಾರೂ ಮುಟ್ಟದಂತೆ ಅಂಗಳದಲ್ಲಿ ಬಿದ್ದಿತ್ತು. ನೀಲಾಳ ತಂದೆ ಲಕ್ಕಪ್ಪ ಅಟ್ಟದ ಮೇಲೆ ಅದರ ಪಕ್ಕದಲ್ಲೇ ಇಟ್ಟಿದ್ದ ಹತ್ತಿಯ ಕೀಟನಾಶಕದ ಡಬ್ಬಿ ಸೋರಿ, ಹಲಗೆಗಳು ವಿಷ ಕುಡಿದಿದ್ದವು. ಸಾಬೂನಿಗೆ ನಾತ ಹೋಗಲಿಲ್ಲ. ಕುದಿನೀರು ಸುರಿದರೆ ಅರಗು ಏಳುತ್ತಿತ್ತು.

"ಹೊಸಾದು ತರತೇನಿ ಬೇ," ಎಂದ ಲಕ್ಕಪ್ಪ ತಾಯಿಗೆ.

"ತಾರಪಾ. ಹೊಸಾದ್ರಾಗ ನೀ ಮಲಗು. ಕೂಸು ಇದರಾಗ ಮಲಗತೈತಿ," ಎಂದಳು ಬಾಯವ್ವ.

ನೀಲಾಳ ಗೆಳತಿ ಪ್ರಿಯಂವದಾ ಸವದತ್ತಿಯ ಶಾಸ್ತ್ರಿಗಳ ಮನೆಯವಳು. ಧಾರವಾಡದ ಪ್ರಯೋಗಾಲಯವೊಂದರಲ್ಲಿ ಕೆಲಸ. ನಾಮಕರಣದ ಹಿಂದಿನ ದಿನ ಅವಳು ಒಂದು ಪೆಟ್ಟಿಗೆಯೊಂದಿಗೆ ಬಸ್ಸಿಳಿದಳು. ಅಂಗಳದಲ್ಲಿ ಅದರ ಕೊಳವೆಯ ತುದಿಗೆ ನೇರಳೆ ಬೆಳಕಿನ ಸಣ್ಣ ನಾಲಗೆ ಮೂಡಿತು.

"ಇದು ಪ್ಲಾಸ್ಮಾ ರೀ ಅಜ್ಜಿ. ಗಾಳಿಯೊಳಗ ಕರೆಂಟ್ ಹರದು ಆಗೂ ಮಿಂಚಿನ ತುಣುಕು. ಆದ್ರ ತಣ್ಣಗದ. ತಾಗಿದಲ್ಲಿ ರೋಗದ ಹುಳಾ ಸಾಯತಾವ, ವಿಷದ ಕಣ ಮುರೀತಾವ. ಬಣ್ಣಕ್ಕ ಏನೂ ಆಗೂದಿಲ್ಲ."

"ಹಂಗಾರ ನನ್ನ ಮಗನ ತಲಿಗೂ ಒಂದೀಟು ಹಿಡಿಯವ್ವಾ."

ಪ್ರಿಯಂವದಾ ಹಲಗೆಗಳ ಮೇಲೆಲ್ಲ ನಿಧಾನವಾಗಿ ಬೆಳಕಾಡಿಸಿದಳು. ಬಳಿಕ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಪರೀಕ್ಷೆಯ ಕಾಗದಕ್ಕೆ ಒತ್ತಿದಳು. ವಿಷವಿದ್ದರೆ ಕಾಗದ ಬಿಳಿಯಾಗಿಯೇ ಉಳಿಯಬೇಕು, ಇಲ್ಲದಿದ್ದರೆ ನೀಲಿಯಾಗಬೇಕು. ಎಲ್ಲ ಕಡೆಯೂ ಅದು ನೀಲಿಯಾಯಿತು.

ಕೂಸಿಗಿಂತ ಮೊದಲು ತೊಟ್ಟಿಲಿನಲ್ಲಿ ರುಬ್ಬುವ ಗುಂಡಕಲ್ಲು ಮಲಗಬೇಕೆಂಬುದು ಪದ್ಧತಿ. ಆ ರಾತ್ರಿ ಬಾಯವ್ವ ಕಲ್ಲಿಗೆ ನೀರೆರೆದು, ಎಣ್ಣೆ ಹಚ್ಚಿ, ಕೂಸಿನ ಕುಂಚಿಗೆ ತೊಡಿಸಿ ತೊಟ್ಟಿಲಿಗಿಟ್ಟಳು. ಬೆಳಗ್ಗೆ ಅದನ್ನೆತ್ತಿದಾಗ ಅಡಿಯ ಬಟ್ಟೆಗೆ ಎಣ್ಣೆ ಇಳಿದಿತ್ತು. ಏಕೋ ಅನುಮಾನ ಬಂದು ಪ್ರಿಯಂವದಾ ಆ ಬಟ್ಟೆಯನ್ನೂ ಪರೀಕ್ಷಿಸಿದಳು.

ಕಾಗದ ಬಿಳಿಯಾಗಿಯೇ ಉಳಿಯಿತು. ನೀಲಾ ಕೂಸನ್ನು ಎದೆಗೆ ಅವಚಿಕೊಂಡಳು.

"ಎಣ್ಣಿ ಸಂದಿಯೊಳಗಿನ ವಿಷಾ ಎಳಕೊಂಡದ," ಎಂದಳು ಪ್ರಿಯಂವದಾ. "ನನ್ನ ಬೆಳಕು ಅಲ್ಲಿ ಇಳದಿಲ್ಲ. ಮ್ಯಾಲಿಂದ ನೋಡಿ ಮುಗೀತು ಅಂದ್ಕೊಂಡೆ. ತೊಟ್ಟಿಲಾ ಬಿಚ್ಚಬೇಕು."

"ಬಿಚ್ಚಿದ್ರ ಒಡದೀತು," ಎಂದ ಲಕ್ಕಪ್ಪ.

"ಬಿಚ್ಚು," ಎಂದಳು ಬಾಯವ್ವ, ಮುಖ ತಿರುಗಿಸಿ.

ನಾಮಕರಣ ಮುಂದೆ ಹೋಯಿತು. ಲಕ್ಕಪ್ಪ ಒಂದೊಂದೇ ಬೆಣೆಯನ್ನು, ನೋವಾದೀತೆಂಬಂತೆ, ಮೆಲ್ಲಗೆ ತಟ್ಟಿ ತೆಗೆದ. ಹಲಗೆಯ ಅಂಚುಗಳಿಗೆ ಮೊದಲ ಬಾರಿ ಬಿಸಿಲು ತಾಗಿತು. ಬಳಿಕ ನೇರಳೆ ಬೆಳಕು. ಸಂಜೆ ಅವನೇ ಎಲ್ಲವನ್ನೂ ಜೋಡಿಸಿದ. ಕಲ್ಲು ಮತ್ತೆ ಎಣ್ಣೆ ಹಚ್ಚಿಸಿಕೊಂಡು ಹೊಸ ಬಟ್ಟೆಯ ಮೇಲೆ ಮಲಗಿತು.

ಬೆಳಗಾದಾಗ ಬಟ್ಟೆಯ ಮೂಲೆ ಮೂಲೆಗೂ ಕಾಗದ ಒತ್ತಿದರು. ಎಲ್ಲವೂ ತಡವಾಗಿ, ಆದರೆ ತುಂಬು ನೀಲಿಯಾದವು. ನೀಲಾ ಕೂಸನ್ನು ಮಲಗಿಸಿದಳು. ಲಕ್ಕಪ್ಪ ಬಾಗಿಲ ಬಳಿಯೇ ನಿಂತಿದ್ದ.

"ಅಲ್ಲೇನು ನಿಂತೀ? ಡಬ್ಬಿ ಇಟ್ಟ ಕೈಲೇನ ತೂಗು ಬಾ," ಎಂದಳು ಬಾಯವ್ವ.

ಅವನು ಕೈ ತೊಳೆದುಕೊಂಡು ಬಂದು ಹಗ್ಗ ಹಿಡಿದ.