ಅಲುಗದ ಚುಕ್ಕೆಗಳು

ದೊಡ್ಡ ಆಸ್ಪತ್ರೆಯ ಕಣ್ಣಿನ ಡಾಕ್ಟರು ಅದನ್ನು ಕೈಗಿಟ್ಟ ದಿನದಿಂದ ನರ್ಸಿಗೆ ಒಂದೇ ಪುಕುಪುಕು. ವಸ್ತುವೇನೂ ಭಾರವಿರಲಿಲ್ಲ. ಒಂದು ಸಾಧಾರಣ ಮೊಬೈಲು, ಅದಕ್ಕೆ ಸಿಕ್ಕಿಸಿದ ಗೇಣುದ್ದದ ಪ್ಲಾಸ್ಟಿಕ್ ತೋಳು, ತೋಳಿನ ತುದಿಯಲ್ಲೊಂದು ಉಬ್ಬುಗಾಜು. ಪಾಪೆ ಅರಳಿಸುವ ಹನಿಯನ್ನು ಕಣ್ಣಿಗೆ ಬಿಟ್ಟು, ಮೊಬೈಲಿನ ದೀಪ ಹೊತ್ತಿಸಿ ಗಾಜನ್ನು ಕಣ್ಣಿನ ಮುಂದೆ ಸರಿಯಾದ ದೂರಕ್ಕೆ ಹಿಡಿದರೆ ಕಣ್ಣಿನ ಒಳಪರದೆ, ಅಂದರೆ ರೆಟಿನಾ, ಫೋಟೊದಲ್ಲಿ ಸಿಗುತ್ತದೆ.

"ಇದೇ ಕೆಲಸ ಮಾಡೋ ನಮ್ಮ ದೊಡ್ಡ ಕ್ಯಾಮೆರಾ ದುಡ್ಡಲ್ಲಿ ಒಂದು ಮನೆ ಕಟ್ಟಬಹುದು" ಎಂದಿದ್ದರು ಡಾಕ್ಟರು. "ನಿಮ್ಮ ಕ್ಲಿನಿಕ್ಕಿಗೆ ಇದು ಸಾಕು. ಫೋಟೊ ಕಳಿಸಿ, ನಾನು ನೋಡಿ ಹೇಳ್ತೀನಿ. ಮೊದಲು ಮನೆಯವರ ಮೇಲೆ ಕೈ ಪಳಗಿಸಿಕೊಳ್ಳಿ."

ಕೈ ಪಳಗಬೇಕಾದರೆ ಯಾರಾದರೂ ಕಣ್ಣು ಕೊಡಬೇಕಲ್ಲ. ಬಸ್ ಓಡಿಸುವ ಗಂಡ ಎರಡೂ ಕೈ ಜೋಡಿಸಿದ. "ಆ ಹನಿ ಬಿಟ್ಟರೆ ಅರ್ಧ ದಿನ ಎಲ್ಲಾ ಮಂಜು ಮಂಜಂತೆ. ನಿನ್ನ ಕೈ ಪಳಗೋ ಹೊತ್ತಿಗೆ ನಾನು ಯಾವುದೋ ಮರಕ್ಕೆ ಬಸ್ ನಿಲ್ಲಿಸಿರ್ತೀನಿ. ನನ್ನ ಬಿಟ್ಬಿಡು ತಾಯಿ." ಕೊನೆಗೆ ಒಪ್ಪಿದವರು, ಯಾವುದಕ್ಕೂ ಸುಲಭಕ್ಕೆ ಒಪ್ಪದ ಅತ್ತೆ.

ಅತ್ತೆ ಬೀದಿಯ ಮೂಲೆಯ ಹೊಲಿಗೆ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ಹಾಕುವವರು. ಗುಂಡಿಯ ತೂತಿನ ಸುತ್ತ ಕೈಯಲ್ಲೇ ನೂಲು ಹೆಣೆಯುವ ಆ ಕೆಲಸದಿಂದಾಗಿ ಇಡೀ ಬೀದಿಗೆ ಅವರು ಕಾಜಾ ಅಮ್ಮ. ಮೈಯಲ್ಲಿ ಸಕ್ಕರೆ ಕಾಯಿಲೆ ಸೇರಿಕೊಂಡು ಬಹಳ ವರ್ಷವಾಗಿತ್ತು. ಮಾತ್ರೆ ನುಂಗಿ ಮರೆತುಬಿಡುತ್ತಿದ್ದರು.

"ರಜೆ ದಿನ ಬಂದು ಕೂತ್ಕೋತೀನಿ" ಎಂದರು. "ನನ್ನ ಕಣ್ಣು ನಂಬಿ ಹೊಟ್ಟೆ ಹೊರೀತಿದೀನಿ, ನೆನಪಿರಲಿ."

ಆ ಮಾತು ನರ್ಸಿಗೆ ಬೇಕಾಗಿರಲಿಲ್ಲ. ಮೊದಲೇ ಅವಳದು ಹಗ್ಗ ಕಂಡರೂ ಹಾವೆನ್ನುವ ಜೀವ.

ಕ್ಲಿನಿಕ್ಕಿನ ಡಾಕ್ಟರಮ್ಮ ಅತ್ತೆಯ ಕಣ್ಣು ನೋಡಿ, ಹನಿ ಬಿಡಬಹುದು ಎಂದರು. ಡ್ರೆಸ್ಸಿಂಗ್ ಕೋಣೆಯ ಪರದೆ ಎಳೆದು, ಹತ್ತಿಯ ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿ, ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ ನರ್ಸು ಕೆಲಸ ಶುರುಮಾಡಿದಳು. ಮೊದಲ ವಾರ ಫೋಟೊದಲ್ಲಿ ಬಂದದ್ದು ಅತ್ತೆಯ ರೆಪ್ಪೆ, ತನ್ನದೇ ಹೆಬ್ಬೆರಳು, ಇಲ್ಲವೇ ಕಗ್ಗತ್ತಲು.

"ಈ ಗಾಜೇ ಸರಿಯಿಲ್ಲ ಅತ್ತೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಿಡಿ ಸರಿಯಾಗಿ. ನಾನೇನು ಓಡಿಹೋಗ್ತಿದೀನಾ?"

ಓಡಿಹೋಗಲಿಲ್ಲ. ಸೂಜಿ ಹಿಡಿದು ಗಂಟೆಗಟ್ಟಲೆ ಅಲುಗದೆ ಕೂತು ರೂಢಿಯಾದ ಹೆಂಗಸು, ಕಲ್ಲಿನ ಹಾಗೆ ಕೂತಿರುತ್ತಿದ್ದರು. ಅಷ್ಟು ಚುರುಕು ಬೆಳಕಿಗೂ ಕಣ್ಣು ಮಿಟುಕಿಸುತ್ತಿರಲಿಲ್ಲ. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಒಂದು ದಿನ ಆ ಕತ್ತಲೊಳಗಿಂದ ಇದ್ದಕ್ಕಿದ್ದಂತೆ ಕಿತ್ತಳೆಗೆಂಪು ವೃತ್ತವೊಂದು ತೆರೆದುಕೊಂಡಿತು. ಅದರಲ್ಲಿ ಮರದ ಕೊಂಬೆಗಳಂತೆ ಹರಡಿದ ಕೆಂಪು ರಕ್ತನಾಳಗಳು. ನರ್ಸು ತಟ್ಟನೆ ಫೋಟೊ ಹೊಡೆದಳು. ಅದು ಎಡಗಣ್ಣು. ಕಳಿಸಿದ ಫೋಟೊಗೆ ಡಾಕ್ಟರಿಂದ 'ಈ ಕಣ್ಣು ಸದ್ಯಕ್ಕೆ ಚೆನ್ನಾಗಿದೆ' ಎಂಬ ಉತ್ತರ ಬಂತು.

ಬಲಗಣ್ಣೇ ಕಾಡತೊಡಗಿತು. ಎಷ್ಟು ಸಲ ತೆಗೆದರೂ ಫೋಟೊದ ಒಂದು ಬದಿಗೆ ಹಳದಿ ಬಿಳುಪಿನ ಪುಟ್ಟ ಪುಟ್ಟ ಚುಕ್ಕೆಗಳು. ಗಾಜಿನ ಮೇಲೆ ಬೆಳಕು ಬಿದ್ದು ಹೊಳೆದರೆ ಹೀಗೆ ಬಿಳಿ ಕಲೆ ಬರುತ್ತದೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಬಲಗಣ್ಣಿಗೆ ಅವಳು ಸೊಂಟ ತಿರುಚಿ ನಿಲ್ಲಬೇಕಾಗಿತ್ತು, ಕೈ ಓರೆಯಾಗುತ್ತಿತ್ತು. ತಪ್ಪು ತನ್ನ ಕೈಯದೇ ಎಂದುಕೊಂಡಳು. ಗಾಜು ಒರೆಸಿದಳು, ಫೋಟೊ ಅಳಿಸಿದಳು, ಮತ್ತೆ ತೆಗೆದಳು, ಮತ್ತೆ ಅಳಿಸಿದಳು. ಇಂಥ ಕೊಳಕು ಫೋಟೊ ಕಳಿಸಿದರೆ 'ಇವಳಿಂದಾಗದು' ಎಂದು ಮೊಬೈಲು ವಾಪಸು ಕೇಳಿಯಾರು ಎಂಬ ಭಯ ಬೇರೆ.

"ಬಲಗಣ್ಣಿನದು ಇನ್ನೂ ಬಂದಿಲ್ಲ" ಎಂದು ಡಾಕ್ಟರು ಬರೆದರು.

ಮುಂದಿನ ರಜೆ ದಿನ ಅವಳು ಫೋಟೊ ಬಿಟ್ಟು ವಿಡಿಯೊ ಹಾಕಿ ಗಾಜನ್ನು ಮೆಲ್ಲಗೆ ಓಲಾಡಿಸಿದಳು, ಕಲೆ ಎಲ್ಲಿಂದ ಬರುತ್ತದೋ ನೋಡೋಣವೆಂದು. ಬೆಳಕಿನ ಹೊಳಪು ಎಲೆಯ ಮೇಲಿನ ನೀರಹನಿಯಂತೆ ಅತ್ತಿಂದಿತ್ತ ಜಾರಿತು. ಹಳದಿ ಚುಕ್ಕೆಗಳು ಜಾರಲಿಲ್ಲ. ಅದೇ ರಕ್ತನಾಳದ ಪಕ್ಕದಲ್ಲಿ, ಅದೇ ಜಾಗದಲ್ಲಿ ಅಂಟಿಕೊಂಡಿದ್ದವು.

ಅವು ಗಾಜಿನ ಮೇಲೆ ಇರಲಿಲ್ಲ. ಅತ್ತೆಯ ಕಣ್ಣಿನೊಳಗೆ ಇದ್ದವು.

"ಏನೇ, ಏನು ಕಾಣ್ತು?" ಎಂದರು ಅತ್ತೆ.

"ಈ ಕಣ್ಣು ಮಂಜಾಗುತ್ತಾ ಅತ್ತೆ?"

"ಎಂಥಾ ಮಂಜು! ಸೂಜಿಗೆ ದಾರ ನಾನೇ ಪೋಣಿಸ್ತೀನಿ. ಅಂಗಡಿಯ ಕತ್ತರಿ ಮಾಸ್ತರಿಗೂ ನಾನೇ ಪೋಣಿಸಿಕೊಡ್ತೀನಿ."

ಅವಳು ಎಲ್ಲವನ್ನೂ ಕಳಿಸಿದಳು. ಡಾಕ್ಟರು ಬರೆಯಲಿಲ್ಲ, ಫೋನನ್ನೇ ಮಾಡಿದರು. "ಸಕ್ಕರೆ ಕಾಯಿಲೆಯಿಂದ ರೆಟಿನಾದ ರಕ್ತನಾಳಗಳು ಜಿನುಗ್ತಿವೆ. ದೃಷ್ಟಿಯ ನಡುಭಾಗದ ಅಂಚಿಗೆ ಬಂದು ನಿಂತಿದೆ. ಒಳಗೆ ಹಬ್ಬಿದರೆ ಸೂಜಿ ಹಾಗಿರಲಿ, ಎದುರಿಗಿದ್ದವರ ಮುಖಾನೂ ಕಾಣಲ್ಲ. ನಾಳೇನೇ ಕರ್ಕೊಂಡು ಬನ್ನಿ."

ಬಸ್ಸಿನಲ್ಲಿ ಅವಳು ತಡೆಯಲಾರದೆ ಹೇಳಿಬಿಟ್ಟಳು. "ಅತ್ತೆ, ಆ ಚುಕ್ಕೆ ನನಗೆ ಮೊದಲೇ ಕಂಡಿತ್ತು. ನನ್ನ ಕೈ ತಪ್ಪು ಅಂತ ಅಳಿಸ್ತಾ ಕೂತಿದ್ದೆ."

ಅತ್ತೆ ಕಿಟಕಿಯಿಂದ ಇವಳತ್ತ ತಿರುಗಿದರು. "ಮದುವೆಯಾಗಿ ಬಂದಾಗಿಂದ ನಿಂದು ಅದೇ ಕಥೆ. ಹಾಲು ಒಡೆದರೂ ನಿನ್ನದೇ ತಪ್ಪು, ಬಸ್ ತಡವಾದರೂ ನಿನ್ನದೇ ತಪ್ಪು. ಒಂದ್ಸಲನಾದ್ರೂ ನನ್ನದೂ ತಪ್ಪಿರಬಹುದು ಅಂತ ಅನುಮಾನ ಪಡಬಾರದಾ?" ಎಂದರು.

ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು.

ಆ ಮಧ್ಯಾಹ್ನ ಲೇಸರ್ ಚಿಕಿತ್ಸೆಯಾಯಿತು. ಡಾಕ್ಟರು ಹೊರಬಂದು, ಜಿನುಗುವ ಜಾಗಗಳನ್ನು ಮುಚ್ಚಿದ್ದೇವೆ, ಸಕ್ಕರೆ ಹತೋಟಿಯಲ್ಲಿಟ್ಟು ಹೇಳಿದಾಗ ಬಂದು ತೋರಿಸುತ್ತಿದ್ದರೆ ಈಗಿರುವ ದೃಷ್ಟಿ ಉಳಿಯುತ್ತದೆ ಎಂದರು. "ಇನ್ನೊಂದಷ್ಟು ತಿಂಗಳು ಬಿಟ್ಟು ಬಂದಿದ್ದರೆ ಈ ಮಾತು ಹೇಳ್ತಿರಲಿಲ್ಲ." ನರ್ಸು ಕೈ ಮುಗಿದಳು. ಆ ಡಾಕ್ಟರಿಗೆ, ಆ ಅಗ್ಗದ ಗಾಜಿಗೆ, ಎಲ್ಲಕ್ಕಿಂತ ಹೆಚ್ಚಾಗಿ, ಯಾರೂ ಕೊಡದ ಕಣ್ಣನ್ನು ತನ್ನ ಕಲಿಕೆಗೆ ಕೊಟ್ಟು ಕಲ್ಲಿನಂತೆ ಕೂತ ಈ ಹೆಂಗಸಿಗೆ.

ಯಾವಾಗಲೂ ಎರಡು ಹೆಜ್ಜೆ ಮುಂದೆಯೇ ನಡೆಯುತ್ತಿದ್ದ ಅತ್ತೆ, ಬೆಳಕು ಚುಚ್ಚುತ್ತದೆಂದು ಅವಳ ತೋಳು ಹಿಡಿದು ಮೆಟ್ಟಿಲಿಳಿದರು.

"ಅತ್ತೆ, ನೀವು ಕೂತಿರಲಿಲ್ಲ ಅಂದಿದ್ರೆ..."

"ಸಾಕು ಸುಮ್ಮನಿರು, ಮೆಟ್ಟಿಲು ನೋಡು. ನನ್ನ ಕಣ್ಣೂ ಈಗ ನಿಂದೇ." ಕೆಳಗಿಳಿದ ಮೇಲೆ ಅತ್ತೆಗೆ ಏನೋ ಹೊಳೆಯಿತು. "ನಮ್ಮ ಕತ್ತರಿ ಮಾಸ್ತರಿಗೂ ಸಕ್ಕರೆ ಇದೆ ಕಣೇ. ಬರೋ ರಜೆಗೆ ಎಳ್ಕೊಂಡು ಬರ್ತೀನಿ. ಒಂದು ಕಡೆ ಕೂರೋ ಆಸಾಮಿ ಅಲ್ಲ ಅವನು. ತಲೆ ನಾನು ಹಿಡ್ಕೋತೀನಿ, ನೀನು ಫೋಟೊ ಹೊಡಿ."