ಹತ್ತು ಗೆರೆ

"ಏಳು, ಎಂಟು, ಒಂಬತ್ತು, ಅತ್ತು..."

ಉಕ್ಕು ಕೆತ್ತುವ ಹಳೆಯ ಮಿಲ್ಲಿಂಗ್ ಮಿಷನ್ನಿನ ಕೈಚಕ್ರ ತಿರುಗಿಸುತ್ತ ಮುನಿರಾಮಯ್ಯ ಗೆರೆ ಎಣಿಸುವುದು ಶಹರ್ಬಾನುವಿನ ಕಿವಿಗೆ ಬಿತ್ತು. ಆರು ತಿಂಗಳಿಂದ ದಿನಾ ಕೇಳುತ್ತಿದ್ದ ಎಣಿಕೆಯೇ. ಇವತ್ತು ಮಾತ್ರ ಅವಳಿಗೆ ತಟ್ಟನೆ ಹೊಳೆಯಿತು. ಅವನು ಎಣಿಸುತ್ತಿದ್ದದ್ದು ಚಕ್ರದ ಮೇಲಿನ ಗೆರೆ.

ಹೋದ ವಾರ ಅವಳೇ ಹೋಗಿ ಕೇಳಿದ್ದಳು, ಒರಟು ಕೆತ್ತನೆ ಆದಮೇಲೆ ಅಚ್ಚಿನ ಗೋಡೆಯಲ್ಲಿ ಎಷ್ಟು ಉಳಿಸಲಿ ಎಂದು. "ಎಲ್ಲಾ ಕಡೆ ಅತ್ತು ಗೆರೆ ಬಿಟ್ಬುಡು ಬಾನಮ್ಮ, ಮಿಕ್ಕಿದ್ದು ನಾನು ತೆಗ್ದಾಕ್ತೀನಿ" ಎಂದಿದ್ದ. ಜಕ್ಕೂರಿನ ಮುನಿರಾಮಯ್ಯನ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹತ್ತು ಅತ್ತಾದದ್ದು ಅವಳಿಗೆ ತಿಳಿದಿತ್ತು, ಆದರೆ ಯಾವ ಗೆರೆ ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಗೆರೆ ಎಂದರೆ ಅಳತೆ ನೋಡುವ ಡಯಲ್ ಗೇಜಿನ ಗೆರೆ, ಮಿಲಿಮೀಟರಿನ ನೂರನೇ ಒಂದು ಪಾಲು. ಮುನಿರಾಮಯ್ಯನಿಗೆ ಮೂವತ್ತು ವರ್ಷದಿಂದ ಗೆರೆ ಎಂದರೆ ಕೈಚಕ್ರದ ಗೆರೆ, ಅದರ ಐದರಷ್ಟು. ಅವನು ಕೇಳಿದ್ದು ಅರ್ಧ ಮಿಲಿಮೀಟರ್. ಇವಳು ಬಿಟ್ಟದ್ದು ಅದರಲ್ಲಿ ಐದನೇ ಒಂದು ಪಾಲು.

ಅವಳ ಮುಂದೆ ಹೊಸ ಟೇಪ್ ಮಿಷನ್, ಕಾಗದದ ಟೇಪಿನ ತೂತುಗಳನ್ನು ಓದಿಕೊಂಡು, ತನ್ನ ಪಾಡಿಗೆ ತಾನು ಓಡುತ್ತಿತ್ತು. ಅದು ಕೆತ್ತುತ್ತಿದ್ದದ್ದು ಪಂಪಿನ ರೆಕ್ಕೆಯ ಅಚ್ಚು. ಉಕ್ಕಿನ ದಿಮ್ಮಿಯಲ್ಲಿ ಬೆರಳಗಲದ ಬಾಗಿದ ಕಾಲುವೆ, ಇಪ್ಪತ್ನಾಲ್ಕು ಮಿಲಿಮೀಟರ್ ಆಳ. ಒಂದೇ ಸಲಕ್ಕೆ ಇಳಿಸಿದರೆ ಕಟರ್ ಪಟಕ್ಕನೆ ಮುರಿಯುತ್ತದೆ. ಎರಡೆರಡು ಮಿಲಿಮೀಟರಿನಂತೆ ಹನ್ನೆರಡು ಸಲ ಇಳಿಸಿ, ಪ್ರತಿ ಸಲವೂ ಆ ಬಾಗನ್ನು ಹೊಸದಾಗಿ ಲೆಕ್ಕ ಹಾಕಿ, ನಾಲ್ಕು ದಿನ ಕೂತು ಅವಳು ಟೇಪಿಗೆ ತೂತು ಹೊಡೆದಿದ್ದಳು. ಈಗ ಐದನೆಯ ಇಳಿತ. ಆಳಕ್ಕೆ ಹೋದಷ್ಟೂ ಸಣ್ಣ ಕಟರ್ ಬಳುಕುತ್ತದೆ, ಆಚೀಚೆ ಗೋಡೆಗೆ ಬಾಯಿ ಹಾಕುತ್ತದೆ. ಅದಕ್ಕೇ ಆ ಮುದುಕ ಅರ್ಧ ಮಿಲಿಮೀಟರ್ ಕೇಳಿದ್ದು. ಇಂಥ ಉಕ್ಕಿನ ದಿಮ್ಮಿ ಇದ್ದದ್ದು ಒಂದೇ. ಇನ್ನೊಂದು ಹಡಗಿನಲ್ಲಿ ಬರುವುದಕ್ಕೆ ಮೂರು ತಿಂಗಳು.

ನಿಲ್ಲಿಸಬೇಕು. ಅವಳ ಕೈ ಏಳಲಿಲ್ಲ.

ಹೋದ ವರ್ಷ ಒಂದು ಅಚ್ಚು ಕೆಡಿಸಿದ ಪ್ರೋಗ್ರಾಮರನನ್ನು ಮಾಲೀಕರು ಅದೇ ಸಂಜೆ ಮನೆಗೆ ಕಳಿಸಿದ್ದರು. ಆ ಜಾಗಕ್ಕೇ ಅವಳು ಬಂದದ್ದು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಸುಮ್ಮನಿದ್ದರೆ? ಒರಟು ಕೆತ್ತನೆ ಮುಗಿದ ಅಚ್ಚು ನಯ ಮಾಡಲು ಮುನಿರಾಮಯ್ಯನ ಕೈಗೆ ಹೋಗುತ್ತದೆ. ಗೋಡೆ ತಿಂದದ್ದು ಆಗಲೇ ಬೆಳಕಿಗೆ ಬರುವುದು. ಆಗ ಟೇಪಿನ ತೂತುಗಳನ್ನು ಯಾರು ಓದುತ್ತಾರೆ? ಮುದುಕನ ಕೈ ನಡುಗಿತು ಅನ್ನುತ್ತಾರೆ. ಅವನು ನಿವೃತ್ತಿಯಾಗಲು ಇನ್ನು ನಾಲ್ಕೇ ತಿಂಗಳಿತ್ತು. ಈ ಯೋಚನೆ ತನಗೆ ಇಷ್ಟು ಸಲೀಸಾಗಿ ಬಂತಲ್ಲ ಎಂದು ಅವಳಿಗೆ ಹೇಸಿಗೆಯಾಯಿತು. ಹೇಸಿಗೆಗಿಂತ ಹೆಚ್ಚಾಗಿ ಭಯವಾಯಿತು.

ಕಟರ್ ಮೇಲೆದ್ದು ಆರನೆಯ ಇಳಿತಕ್ಕೆ ಸರಿಯಿತು. ಶಹರ್ಬಾನು ಕೆಂಪು ಗುಂಡಿ ಒತ್ತಿದಳು.

ಸದ್ದು ನಿಂತದ್ದೇ ತಡ, ಗಾಜಿನ ಕೋಣೆಯಿಂದ ಮಾಲೀಕ ಗುಲಾಮ್ ರಸೂಲ್ ಸಾಹೇಬರು ದಾಪುಗಾಲು ಹಾಕುತ್ತ ಬಂದರು. ಕೈಚಕ್ರ ಬಿಟ್ಟು ಮುನಿರಾಮಯ್ಯನೂ ಬಂದ.

"ಕೈಕು ಬಂದ್ ಕರೇ, ಬೇಟೀ?"

ಯಾಕೆ ನಿಲ್ಲಿಸಿದೆ ಎಂದು ಕೇಳಿದ್ದು ಉರ್ದುವಿನಲ್ಲಿ. ಸಾಹೇಬರು ಅವಳೊಡನೆ ಯಾವಾಗಲೂ ಆ ಮನೆಮಾತಿನಲ್ಲೇ ಮಾತಾಡುತ್ತಿದ್ದರು. ಅದೇ ಮಾತಿನಲ್ಲಿ ಏನು ಹೇಳಿದರೂ ಪಕ್ಕದಲ್ಲಿದ್ದ ಮುದುಕನಿಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಆದರೂ ಅವಳ ಬಾಯಿಂದ ಕನ್ನಡವೇ ಬಂತು.

"ತಪ್ಪು ನಂದು ಸಾರ್. ಮುನಿರಾಮಯ್ಯನೋರು ಹೇಳಿದ್ದು ಚಕ್ರದ ಹತ್ತು ಗೆರೆ. ನಾನು ಡಯಲ್ ಗೇಜಿಂದು ಅಂದ್ಕೊಂಡೆ. ಯಾವ ಗೆರೆ ಅಂತ ಕೇಳ್ಲೇ ಇಲ್ಲ."

ಸಾಹೇಬರ ಮುಖ ಕಪ್ಪಿಟ್ಟಿತು. ಮುನಿರಾಮಯ್ಯ ಕಾಲುವೆಯೊಳಗೆ ಗೇಜಿನ ಕಡ್ಡಿ ಇಳಿಸಿ, ಬಾಗಿನ ಉದ್ದಕ್ಕೂ ಮೆಲ್ಲಗೆ ಎಳೆದ. ಮುಳ್ಳು ಅಲ್ಲಾಡಿ ಒಂದು ಕಡೆ ನಿಂತಿತು. ಅವನು ಕನ್ನಡಕ ಏರಿಸಿ ಎರಡು ಸಲ ನೋಡಿದ.

"ಎಷ್ಟಿದೆ?" ಸಾಹೇಬರು ಕೇಳಿದರು.

"ಈ ಗೇಜ್ ಲೆಕ್ಕದಾಗೆ ನಾಕು ಗೆರೆ ಉಳ್ಕಂಡದೆ. ಇನ್ನೊಂದೆರಡು ಸುತ್ತು ಓಗಿದ್ರೆ ಗೋಡೆ ತಿಂದಾಕ್ತಿತ್ತು."

"ಅಚ್ಚು ಉಳಿಯುತ್ತೇನ್ರೀ?"

"ಕೆಳಗೆ ಇನ್ನೂ ಮುಟ್ಟಿಲ್ವಲ್ಲ ಸಾಮಿ. ಮೇಲ್ಗಡೆ ನಾನು ಉಷಾರಾಗಿ ನೋಡ್ಕತೀನಿ. ಆದ್ರೆ ಕೆಳಗಿಂದಕ್ಕೆ ಟೇಪು ಒಸಾದು ಒಡೀಬೇಕು."

ಸಾಹೇಬರು ಅಚ್ಚಿನಿಂದ ಅವಳ ಕಡೆ ತಿರುಗಿದರು. "ಮೊದ್ಲು ಟೇಪ್ ಮಾಡಮ್ಮ. ನಿನ್ ವಿಷ್ಯ ಸೋಮವಾರ ಮಾತಾಡೋಣ" ಎಂದು ಹೊರಟುಹೋದರು. ಅವರು ಅವಳೊಡನೆ ಕನ್ನಡ ಆಡಿದ್ದು ಅದೇ ಮೊದಲು. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಅವಳಿಗೆ ಗೊತ್ತಾಗಲಿಲ್ಲ.

ಹೊಸ ಲೆಕ್ಕ ಬರೆದಿಟ್ಟು ಅವಳು ತೂತು ಹೊಡೆಯುವ ಯಂತ್ರದ ಮುಂದೆ ಕೂತಳು. ಮುನಿರಾಮಯ್ಯ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತ. ಅವಳು ಬರೆದಿಟ್ಟ ಹಾಳೆಯನ್ನು ಕಣ್ಣ ಹತ್ತಿರ ಹಿಡಿದುಕೊಂಡ.

"ನಾನು ಓದ್ತೀನಿ, ನೀನು ತೂತು ಒಡಿ. ಇದೇನಿದು, ಸೊನ್ನೆ, ಚುಕ್ಕಿ, ಐದು?"

"ಅರ್ಧ ಮಿಲಿಮೀಟರ್."

"ಮಿಲಿ... ಮೀಟ್ರು." ಒಂದೊಂದಾಗಿ ನಾಲಿಗೆಗೆ ತಂದುಕೊಂಡ. "ಸರಿ. ಮುಂದಿಂದು?"

ಟೇಪು ಸುರುಳಿ ಸುರುಳಿಯಾಗಿ ನೆಲಕ್ಕೆ ಇಳಿಯತೊಡಗಿತು. ಮುನಿರಾಮಯ್ಯ ಚಪ್ಪಲಿ ಕಳಚಿ, ಟೇಪನ್ನು ತುಳಿಯದಂತೆ ಎರಡೂ ಕಾಲು ಸ್ಟೂಲಿನ ಅಡ್ಡಪಟ್ಟಿಯ ಮೇಲಿಟ್ಟುಕೊಂಡು ಓದುತ್ತಾ ಹೋದ.